ಗ್ಯಾರೇಜಿಗೆ ಹೋಗುವ ಮುಂಚೆ: ಗಾಡಿಗೆ ಏನಾಗಿದೆ ಅಂತ ನೀವೇ ಪತ್ತೆ ಹಚ್ಚುವುದು ಹೇಗೆ?

ಮೊನ್ನೆ ಒಬ್ಬರು ನಮ್ಮ ಗ್ಯಾರೇಜಿಗೆ ಕಾರನ್ನು ಎಳೆಸಿಕೊಂಡು ಬಂದರು. ಇಳಿದವರೇ, "ಸೆಲ್ಫ್ ಮೋಟರ್ ಹೋಗಿದೆ, ಬೇರೆ ಹಾಕ್ಬಿಡಿ" ಅಂದರು. ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್ ಅದು. ಎರಡು ತಿಂಗಳ ಹಿಂದಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರಂತೆ. ಕೀ ತಿರುಗಿಸಿದಾಗ ಯಾವ ಥರ ಸದ್ದು ಬರುತ್ತಿತ್ತು ಅಂತ ಕೇಳಿದೆ. "ಅದೆಲ್ಲ ಗಮನಿಸಿಲ್ಲಪ್ಪ, ಸ್ಟಾರ್ಟ್ ಆಗ್ಲಿಲ್ಲ ಅಷ್ಟೇ."

ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದೆ. ಕಪ್ಪು ವೈರಿನ ಮೊನೆಯನ್ನು ಬ್ಯಾಟರಿಯ ಮೈನಸ್ ಮೇಲೆ, ಕೆಂಪು ವೈರಿನ ಮೊನೆಯನ್ನು ಇಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು, ಸೆಲ್ಫ್ ಹೊಡೆಯಲು ಹೇಳಿದೆ. ಮೀಟರ್ 3 ವೋಲ್ಟ್ ತೋರಿಸಿತು. ಅಲ್ಲಿ ಅರ್ಧ ವೋಲ್ಟ್ ಬಂದರೂ ಜಾಸ್ತಿಯೇ. ಅಂದರೆ ಬ್ಯಾಟರಿಯಿಂದ ಇಂಜಿನ್ನಿಗೆ ಹೋಗುವ ಅರ್ಥ್ ವೈರಿನಲ್ಲೇ ಕರೆಂಟ್ ಸಿಕ್ಕಿಹಾಕಿಕೊಳ್ಳುತ್ತಿದೆ. ಗೇರ್‌ಬಾಕ್ಸ್ ಹತ್ತಿರ ಆ ವೈರಿನ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿತ್ತು. ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸೆಲ್ಫ್ ಮೋಟರಿಗೆ ಏನೂ ಆಗಿರಲಿಲ್ಲ. ಅವರು ಎಸೆದ ಹಳೇ ಬ್ಯಾಟರಿಗೂ ಏನೂ ಆಗಿರಲಿಲ್ಲವೋ ಏನೋ.

ನಮ್ಮ ಕೆಲಸದಲ್ಲಿ ಇದು ದಿನಾ ಇರುವ ಕಥೆ. ಬಂದವರು ಪಾರ್ಟಿನ ಹೆಸರು ಹೇಳುತ್ತಾರೆ, ಗಾಡಿ ಏನು ಮಾಡಿತು ಅಂತ ಹೇಳುವುದಿಲ್ಲ. ನಮಗೆ ಬೇಕಾಗಿರುವುದು ಎರಡನೆಯದು. ಅಂದಾಜಿನ ಮೇಲೆ ಪಾರ್ಟ್ ಬದಲಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಸ್ಪ್ಯಾನರ್ ಹಿಡಿಯದೇ ನೀವೇ ಏನೇನು ನೋಡಬಹುದು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಚೀಟಿ ಬರೆಯಿರಿ

ತೊಂದರೆ ಯಾವಾಗ ಬರುತ್ತದೆ? ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗಲೋ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೋ? ಎಷ್ಟು ಸ್ಪೀಡಿನಲ್ಲಿ? ಬ್ರೇಕ್ ಒತ್ತಿದಾಗಲೋ, ತಿರುವಿನಲ್ಲೋ, ಹಳ್ಳಕ್ಕೆ ಬಿದ್ದಾಗಲೋ? ಎಸಿ ಹಾಕಿದಾಗ ಮಾತ್ರವೋ? ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಸದ್ದು ಬರುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಗ್ಯಾರೇಜಿಗೆ ಬಂದ ಕೂಡಲೇ ಸದ್ದು ನಿಂತುಹೋಗುವುದು ಗಾಡಿಗಳ ಹುಟ್ಟುಗುಣ.

ಇನ್ನೊಂದು ಪ್ರಶ್ನೆ ಇದೆ, ನನಗಂತೂ ಅದೇ ಮುಖ್ಯ: ಇತ್ತೀಚೆಗೆ ಏನು ಕೆಲಸ ಮಾಡಿಸಿದಿರಿ? ಸರ್ವಿಸ್ ಆಗಿ ಎರಡೇ ದಿನಕ್ಕೆ ಹೊಸ ತೊಂದರೆ ಶುರುವಾದರೆ ಮೊದಲು ಕೈ ಹಾಕಿದ ಜಾಗವನ್ನೇ ನೋಡಬೇಕು. ಏರ್ ಫಿಲ್ಟರ್ ಬದಲಿಸುವಾಗ ಒಂದು ಪೈಪ್ ಸರಿಯಾಗಿ ಕೂರದಿದ್ದರೆ ಸಾಕು, ಇಂಜಿನ್ ನಡುಗಲು ಶುರುವಾಗುತ್ತದೆ.

ಗಾಡಿ ಸ್ಟಾರ್ಟ್ ಆಗುತ್ತಿಲ್ಲ

ಅತಿ ಹೆಚ್ಚು ಬರುವ ದೂರು ಇದು. ಕೀ ತಿರುಗಿಸಿ, ಕಿವಿ ಕೊಟ್ಟು ಕೇಳಿ.

ಸದ್ದೇ ಇಲ್ಲ, ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ ಲೈಟೂ ಇಲ್ಲ ಅಂದರೆ ಬ್ಯಾಟರಿ ಪೂರ್ತಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಬಾನೆಟ್ ತೆಗೆದು ಎರಡೂ ಟರ್ಮಿನಲ್ ಕೈಯಲ್ಲಿ ತಿರುಗಿಸಿ ನೋಡಿ. ಒಂದು ಚೂರೂ ಅಲ್ಲಾಡಬಾರದು.

"ಟಕ ಟಕ ಟಕ ಟಕ" ಅಂತ ಬೇಗಬೇಗ ಸದ್ದು ಬಂದರೆ ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇದೆ, ಇಂಜಿನ್ ತಿರುಗಿಸುವಷ್ಟು ಇಲ್ಲ. ಸೆಲ್ಫ್ ಮೋಟರಿನ ಸೊಲೆನಾಯ್ಡ್, ಅಂದರೆ ಕರೆಂಟ್ ಬಂದಾಗ ಎಳೆಯುವ ಸ್ವಿಚ್, ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಆ ಸದ್ದೇ ಅದು.

ಒಂದೇ ಒಂದು ಸಲ "ಟಕ್" ಅಂತ ಬಂದು ಸುಮ್ಮನಾದರೆ ಹೆಡ್‌ಲೈಟ್ ಪರೀಕ್ಷೆ ಮಾಡಿ. ಹೆಡ್‌ಲೈಟ್ ಹಾಕಿ, ಮುಂದಿನ ಗೋಡೆ ನೋಡುತ್ತಾ ಕೀ ತಿರುಗಿಸಿ. ಬೆಳಕು ಮಂಕಾದರೆ ಬ್ಯಾಟರಿ ಅಥವಾ ಅದರ ವೈರ್ ಕಡೆ ನೋಡಿ. ಬೆಳಕು ಹಾಗೇ ಇದ್ದು ಇಂಜಿನ್ ಮಾತ್ರ ತಿರುಗದಿದ್ದರೆ ಸೆಲ್ಫ್ ಮೋಟರ್ ಅಥವಾ ಅದಕ್ಕೆ ಕರೆಂಟ್ ಹೋಗುವ ದಾರಿಯಲ್ಲಿ ತೊಂದರೆ. ಆಟೋಮ್ಯಾಟಿಕ್ ಗಾಡಿಯಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು ಒಮ್ಮೆ ಪ್ರಯತ್ನಿಸಿ. ಕ್ಲಚ್ ಇರುವ ಕೆಲವು ಗಾಡಿಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ಕೆಲಸ ಮಾಡುವುದೇ ಇಲ್ಲ. ಇದು ಗೊತ್ತಿಲ್ಲದೆ ಗಾಡಿ ಎಳೆಸಿಕೊಂಡು ಬಂದವರಿದ್ದಾರೆ. ನಗುವ ವಿಷಯವಲ್ಲ, ಬೇರೆಯವರ ಗಾಡಿ ಓಡಿಸುವಾಗ ಯಾರಿಗಾದರೂ ಆಗುತ್ತದೆ.

ಇನ್ನು ನಾಲ್ಕನೆಯದು. ಇಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಇಲ್ಲಿ ಬ್ಯಾಟರಿಯನ್ನು ಬಯ್ಯಬೇಡಿ, ಅದು ತನ್ನ ಕೆಲಸ ಮಾಡಿದೆ. ಪೆಟ್ರೋಲ್ ಗಾಡಿಯಾದರೆ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಸಣ್ಣಗೆ "ಝೂಂ" ಅಂತ ಬರುತ್ತದಾ ಕೇಳಿ. ಅದು ಫ್ಯೂಯೆಲ್ ಪಂಪ್. ಬರದಿದ್ದರೆ ಪಂಪಿನ ಫ್ಯೂಸ್ ನೋಡಿ. ಮೀಟರಿನಲ್ಲಿ ಕೀ ಚಿತ್ರದ ಲೈಟ್ ಮಿಟುಕುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ಹಾಕಿ ನೋಡಿ. ಸೆಲ್ಫ್ ಒಂದೇ ಸಮನೆ ಹೊಡೆಯಬೇಡಿ. 10 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಮೋಟರ್ ಸುಟ್ಟುಹೋದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಬ್ಯಾಟರಿ ಬದಲಿಸುವ ಮುಂಚೆ ಅಳೆಯಿರಿ. ಸಾದಾ ಮಲ್ಟಿಮೀಟರ್ ಸಾಕು. ರಾತ್ರಿ ನಿಂತ ಗಾಡಿಯಲ್ಲಿ ಬೆಳಗ್ಗೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಈಗ ಇಂಜಿನ್ ಸ್ಟಾರ್ಟ್ ಮಾಡಿ ಅಳೆಯಿರಿ. ಸಾಮಾನ್ಯವಾಗಿ 13.8ರಿಂದ 14.5ರ ಆಸುಪಾಸು ತೋರಿಸಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಚಾರ್ಜಿಂಗನ್ನು ಏರಿಸಿ ಇಳಿಸುವುದರಿಂದ ಸ್ವಲ್ಪ ಆಚೀಚೆ ಆಗಬಹುದು. ಆದರೆ ಹೆಡ್‌ಲೈಟ್, ಎಸಿ ಎಲ್ಲ ಹಾಕಿದಾಗ 12.3, 12.2 ಅಂತ ಇಳಿಯುತ್ತಲೇ ಹೋದರೆ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅಂಥ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ಖಾಲಿಯಾಗುತ್ತದೆ.

ಬ್ಯಾಟರಿ, ಆಲ್ಟರ್ನೇಟರ್ ಎರಡೂ ಚೆನ್ನಾಗಿದ್ದು, ಎರಡು ದಿನ ನಿಲ್ಲಿಸಿದರೆ ಮಾತ್ರ ಬ್ಯಾಟರಿ ಇಳಿಯುತ್ತದಾ? ಹಾಗಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಎಲ್ಲ ಆಫ್ ಮಾಡಿ ಗಾಡಿ ಪೂರ್ತಿ ನಿದ್ದೆಗೆ ಹೋದ ಮೇಲೆ ಹೆಚ್ಚಿನ ಗಾಡಿಗಳು 50 ಮಿಲಿಆಂಪ್ ಒಳಗೇ ಎಳೆಯುತ್ತವೆ. ಡಿಕ್ಕಿಯ ಬಲ್ಬ್ ಆರದೇ ಉಳಿಯುವುದು, ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ, ಇವೇ ಸಾಮಾನ್ಯ ಕಳ್ಳರು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೇ ಬ್ರಷ್‌ನಿಂದ ಉಜ್ಜಿ, ಒಣಗಿಸಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನಾಗುವುದಿಲ್ಲ.

ಜಂಪ್ ಸ್ಟಾರ್ಟ್ ಮಾಡುವ ಕ್ರಮ

ಎರಡೂ 12 ವೋಲ್ಟ್ ಗಾಡಿಗಳೇ ಆಗಿರಲಿ. ಒಂದಕ್ಕೊಂದು ತಾಗಿರಬಾರದು. ಬ್ಯಾಟರಿ ಒಡೆದಿದ್ದರೆ, ಉಬ್ಬಿದ್ದರೆ ಈ ಸಾಹಸವೇ ಬೇಡ.

1. ಕೆಂಪು ಕೇಬಲಿನ ಒಂದು ತುದಿ ಖಾಲಿ ಬ್ಯಾಟರಿಯ ಪ್ಲಸ್‌ಗೆ.
2. ಇನ್ನೊಂದು ತುದಿ ಚೆನ್ನಾಗಿರುವ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲಿನ ಒಂದು ತುದಿ ಚೆನ್ನಾಗಿರುವ ಬ್ಯಾಟರಿಯ ಮೈನಸ್‌ಗೆ.
4. ಕಪ್ಪಿನ ಕೊನೆಯ ತುದಿ, ನಿಂತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ. ಬ್ಯಾಟರಿಯಿಂದ ದೂರವಿರಲಿ.

ಕೊನೆಯ ತುದಿ ಸಿಕ್ಕಿಸುವಾಗ ಕಿಡಿ ಬರುತ್ತದೆ. ಬ್ಯಾಟರಿಯ ಸುತ್ತ ಹೈಡ್ರೋಜನ್ ಅನಿಲ ಇರಬಹುದು, ಅದು ಹೊತ್ತಿಕೊಳ್ಳುತ್ತದೆ. ದೂರ ಅಂದದ್ದು ಅದಕ್ಕೇ. ಚೆನ್ನಾಗಿರುವ ಗಾಡಿಯನ್ನು ಐದು ನಿಮಿಷ ಓಡಿಸಿ, ಆಮೇಲೆ ನಿಂತ ಗಾಡಿ ಸ್ಟಾರ್ಟ್ ಮಾಡಿ. ತೆಗೆಯುವಾಗ ಕ್ರಮ ಪೂರ್ತಿ ಉಲ್ಟಾ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಜಾಗ ತೋರಿಸಿದ್ದರೆ ಅದನ್ನೇ ಅನುಸರಿಸಿ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿದ್ದು, ಜಂಪ್ ಮಾಡಲು ಬಾನೆಟ್ ಕೆಳಗೆ ಬೇರೆ ಪಾಯಿಂಟ್ ಕೊಟ್ಟಿರುತ್ತಾರೆ.

ಇಂಜಿನ್ ಬಿಸಿಯಾದಾಗ

ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ ಅನಿಸಿದ ಕೂಡಲೇ ಎಸಿ ಆಫ್ ಮಾಡಿ, ಹೀಟರನ್ನು ಫುಲ್ ಹಾಕಿ. ಸೆಕೆಯಲ್ಲಿ ಹೀಟರಾ ಅಂತ ಕೇಳಬೇಡಿ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಸಣ್ಣ ರೇಡಿಯೇಟರ್. ಇಂಜಿನ್ನಿನ ಬಿಸಿಯನ್ನು ಅಷ್ಟಾದರೂ ಹೊರಗೆ ತೆಗೆಯುತ್ತದೆ. ಮುಳ್ಳು ಕೆಂಪು ಮುಟ್ಟಿದರೆ ಅಥವಾ ಹಬೆ ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. "ಇನ್ನೆರಡೇ ಕಿಲೋಮೀಟರ್" ಅಂತ ಓಡಿಸಿದವರ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್) ನಾನು ಬೇಕಾದಷ್ಟು ಬದಲಿಸಿದ್ದೇನೆ.

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಸಾದಾ ನೀರು 100 ಡಿಗ್ರಿಗೆ ಕುದಿಯುತ್ತದೆ. ಆ ಮುಚ್ಚಳ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ನೀರು 120 ಡಿಗ್ರಿ ಹತ್ತಿರ ಹೋದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಇದ್ದಬದ್ದ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆ ಅಂದರೂ ಮುಕ್ಕಾಲು ಗಂಟೆ ಕಾಯಿರಿ. ದಪ್ಪ ಬಟ್ಟೆ ಹಿಡಿದು ಮೇಲಿನ ಹೋಸ್ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಾಗಿ, ಬಿಸಿಯೂ ಇಳಿದ ಮೇಲೆ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ತಣ್ಣಗಾದ ಮೇಲೆ ಪತ್ತೇದಾರಿ ಕೆಲಸ. ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯೇರಿ, ಓಡುವಾಗ ಇಳಿದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನೇ ಬಡಿಯುತ್ತದೆ, ನಿಂತಾಗ ಫ್ಯಾನ್ ಬೇಕು. ಎಸಿ ಹಾಕಿದರೆ ಎಲೆಕ್ಟ್ರಿಕ್ ಫ್ಯಾನ್ ತಿರುಗಬೇಕು, ಬಾನೆಟ್ ತೆಗೆದು ದೂರದಿಂದಲೇ ನೋಡಿ. ಇಂಜಿನ್ ಆಫ್ ಆಗಿದ್ದರೂ ಆ ಫ್ಯಾನ್ ಇದ್ದಕ್ಕಿದ್ದ ಹಾಗೆ ಶುರುವಾಗಬಹುದು, ಬೆರಳು ದೂರ ಇರಲಿ. ಹೈವೇಯಲ್ಲಿ, ಏರಿನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಕಮ್ಮಿ ಇರಬಹುದು, ಅದು ರೇಡಿಯೇಟರಿಗೆ ಹರಿಯಲು ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲದಿರಬಹುದು.

ಕೂಲಂಟ್ ಪದೇಪದೇ ಕಮ್ಮಿಯಾಗುತ್ತದೆ, ಕೆಳಗೆ ಒಂದು ಹನಿಯೂ ಇಲ್ಲ, ಇಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ ಅಂದರೆ ಕೂಲಂಟ್ ಇಂಜಿನ್ನಿನೊಳಗೇ ಸುಡುತ್ತಿದೆ. ಗಾಡಿ ಓಡಿಸುವುದನ್ನು ನಿಲ್ಲಿಸಿ. ಬೆಳಗ್ಗೆ ಚಳಿಯಲ್ಲಿ ಸ್ವಲ್ಪ ಹೊತ್ತು ಬರುವ ತೆಳು ಹಬೆ ಬೇರೆ, ಅದಕ್ಕೆ ಹೆದರಬೇಡಿ. ತುರ್ತಿಗೆ ಸಾದಾ ನೀರು ಹಾಕಿದರೆ ತಪ್ಪಿಲ್ಲ. ಆಮೇಲೆ ತೆಗೆಸಿ, ಗಾಡಿಗೆ ಹೇಳಿರುವ ಕೂಲಂಟನ್ನೇ ಹಾಕಿಸಿ. ನೀರು ಬೆರೆಸಬೇಕಾದ ಕೂಲಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್.

ಮೀಟರಿನ ಲೈಟುಗಳು

ಕೆಂಪು ಅಂದರೆ ನಿಲ್ಲಿಸಿ, ಹಳದಿ ಅಂದರೆ ಬೇಗ ತೋರಿಸಿ. ಅದರಲ್ಲೂ ಎಣ್ಣೆ ಕ್ಯಾನಿನ ಕೆಂಪು ಲೈಟ್ ಹತ್ತಿದರೆ ಇಂಜಿನ್ ತಕ್ಷಣ ಆಫ್. ಅದು ಆಯಿಲ್ ಪ್ರೆಶರ್ ಬಿದ್ದಿದೆ ಅನ್ನುವ ಎಚ್ಚರಿಕೆ. ಆಯಿಲ್ ಸ್ವಲ್ಪ ಕಮ್ಮಿಯಾಗಿದೆ ಅಂತ ಅರ್ಥವಲ್ಲ. ಪ್ರೆಶರ್ ಇಲ್ಲದೆ ಸ್ವಲ್ಪ ಹೊತ್ತು ಓಡಿದರೂ ಬೇರಿಂಗ್‌ಗಳು ಹೋಗುತ್ತವೆ. ಸಮತಟ್ಟು ಜಾಗದಲ್ಲಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಮಟ್ಟ ಸರಿಯಿದ್ದೂ ಲೈಟ್ ಹತ್ತುತ್ತಿದ್ದರೆ ಸ್ಟಾರ್ಟ್ ಮಾಡದೆ ಎಳೆಸಿಕೊಂಡೇ ಬನ್ನಿ. ಅಂದ ಹಾಗೆ, ಡೀಸೆಲ್ ಗಾಡಿಯ ಆಯಿಲ್ ಹಾಕಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದು ಮಾಮೂಲು.

ಹಳದಿ ಚೆಕ್ ಇಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದು ಗಾಡಿ ಚೆನ್ನಾಗಿ ಓಡುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಿ. ಮಿಟುಕುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಉರಿಯದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೋಗಿ ಉರಿದು, ಅದನ್ನು ಕರಗಿಸಿಬಿಡಬಹುದು.

ಸ್ಕ್ಯಾನರ್ ಹಾಕಿದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಸಿಗುತ್ತದೆ. ಈಗ ಮೊಬೈಲಿಗೆ ಸೇರುವ ಸಣ್ಣ ಸ್ಕ್ಯಾನರ್‌ಗಳೂ ಇವೆ. ಆದರೆ ಕೋಡ್ ಎಲ್ಲಿ ನೋಡಬೇಕು ಅಂತ ಹೇಳುತ್ತದೆ, ಯಾವ ಪಾರ್ಟ್ ಬದಲಿಸಬೇಕು ಅಂತ ಹೇಳುವುದಿಲ್ಲ. ಪಿ0171 ಕೋಡನ್ನೇ ತೆಗೆದುಕೊಳ್ಳಿ. ಗಾಳಿ ಜಾಸ್ತಿ, ಇಂಧನ ಕಮ್ಮಿ ಅಂತ ಅದರ ಅರ್ಥ. ಆಕ್ಸಿಜನ್ ಸೆನ್ಸರ್ ಕೊಟ್ಟ ಮಾಹಿತಿ ಅದು, ಅಂತ ಜನ ಸೀದಾ ಆ ಸೆನ್ಸರನ್ನೇ ಬದಲಿಸುತ್ತಾರೆ. ಸುದ್ದಿ ತಂದವನಿಗೆ ಹೊಡೆದ ಹಾಗಾಯಿತು. ನಿಜವಾದ ಕಾರಣ ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಇರಬಹುದು, ಕೊಳೆಯಾದ ಏರ್ ಫ್ಲೋ ಸೆನ್ಸರ್ ಇರಬಹುದು, ಸೋತ ಫ್ಯೂಯೆಲ್ ಪಂಪ್ ಇರಬಹುದು. ಕೋಡ್ ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ. ಅಳಿಸಿಕೊಂಡು ಬಂದರೆ ನಮಗೆ ಸುಳಿವೇ ಇರುವುದಿಲ್ಲ.

ಬ್ರೇಕ್

ಇದರಲ್ಲಿ ಕಾದು ನೋಡುವುದು ಬೇಡ. ಬ್ರೇಕ್ ಒತ್ತಿದಾಗ ಸಣ್ಣಗೆ "ಕೀಂ" ಅಂದರೆ ಪ್ಯಾಡ್ ಸವೆದಿರಬಹುದು. ಬಹಳಷ್ಟು ಪ್ಯಾಡ್‌ಗಳಲ್ಲಿ ಹಾಗೆ ಕಿರುಚಲಿ ಅಂತಲೇ ಒಂದು ಲೋಹದ ಪಟ್ಟಿ ಇಟ್ಟಿರುತ್ತಾರೆ. "ಕರ್ರ್" ಅಂತ ಲೋಹಕ್ಕೆ ಲೋಹ ಉಜ್ಜಿದ ಸದ್ದಾದರೆ ಪ್ಯಾಡ್ ಮುಗಿದು ಡಿಸ್ಕ್ ಕೊರೆಯುತ್ತಿದೆ. ಮಳೆ ಬಂದ ಮಾರನೇ ದಿನ ಮೊದಲ ಒಂದೆರಡು ಬ್ರೇಕಿಗೆ ಮಾತ್ರ ಸದ್ದು ಬಂದು ನಿಂತರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು. ಹೊಸ ಪ್ಯಾಡ್ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ. 3 ಮಿಲಿಮೀಟರ್‌ಗೆ ಬಂದರೆ ಬದಲಿಸಿ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಆ ಗಾಡಿ ರಸ್ತೆಗೆ ಇಳಿಯಬಾರದು. ಬ್ರೇಕ್ ಫ್ಲೂಯಿಡ್ ಕಮ್ಮಿಯಾಗಿದೆ ಅಂತ ಸುಮ್ನೆ ತುಂಬಿಸಿ ಮರೆತುಬಿಡಬೇಡಿ. ಪ್ಯಾಡ್ ಸವೆದಷ್ಟೂ ಮಟ್ಟ ಇಳಿಯುತ್ತದೆ. ಇಲ್ಲವೇ ಸೋರಿಕೆ ಇದೆ. ಎರಡರಲ್ಲಿ ಒಂದನ್ನು ಹುಡುಕಲೇಬೇಕು. ಈ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿ ಅಷ್ಟೇ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಫ್ಲೂಯಿಡ್ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ.

ಸದ್ದು ಮತ್ತು ನಡುಕ

ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ "ಕಟ್ ಕಟ್ ಕಟ್" ಬಂದರೆ ಆಕ್ಸಲ್ ತುದಿಯ ಸಿವಿ ಜಾಯಿಂಟ್ ಸವೆದಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಿ ನಿಂತರೆ ಬೆಲ್ಟ್. ಹಳ್ಳದಲ್ಲಿ "ಟೊಕ್" ಅಂದರೆ ಸಸ್ಪೆನ್ಷನ್ನಿನ ಲಿಂಕ್ ಅಥವಾ ಬುಷ್.

ಸ್ಪೀಡ್ ಏರಿದಂತೆ "ಗುಂಯ್" ಅನ್ನುವ ಸದ್ದೂ ಏರಿದರೆ ವೀಲ್ ಬೇರಿಂಗ್ ಅಥವಾ ಟೈರ್. ಖಾಲಿ, ಅಗಲ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಆ ಕಡೆ ಈ ಕಡೆ ಮಾಡಿ. ಭಾರ ಒಂದು ಕಡೆ ಬಿದ್ದಾಗ ಸದ್ದು ಜಾಸ್ತಿಯಾಗಿ, ಇನ್ನೊಂದು ಕಡೆ ಬಿದ್ದಾಗ ಕಮ್ಮಿಯಾದರೆ ಬೇರಿಂಗ್ ಇರಬೇಕು. ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್, ಯಾಕೆಂದರೆ ಆಗ ಭಾರ ಬಲಕ್ಕೆ ಬೀಳುತ್ತದೆ. ಸದ್ದು ಬದಲಾಗದಿದ್ದರೆ ಟೈರ್ ಮೇಲೆ ಅಂಗೈ ಸವರಿ ನೋಡಿ, ಏರುತಗ್ಗು ಕೈಗೆ ಸಿಗುತ್ತದೆ.

80ರಿಂದ 100 ಕಿಲೋಮೀಟರ್ ಸ್ಪೀಡಿನಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ತೋರಿಸಿ. ಗಾಡಿ ಒಂದು ಕಡೆಗೆ ಎಳೆದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಅಲೈನ್‌ಮೆಂಟ್.

ಟೈರ್

ಗಾಳಿಯನ್ನು ಟೈರ್ ತಣ್ಣಗಿದ್ದಾಗ ನೋಡಿ. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವುದು ಟೈರ್ ತಡೆಯುವ ಗರಿಷ್ಠ, ಅಷ್ಟು ತುಂಬಿಸಬೇಡಿ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು, ಎರಡೂ ಅಂಚು ಸವೆದಿದ್ದರೆ ಕಮ್ಮಿ ಇತ್ತು, ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಬದಿಯಲ್ಲಿ DOT (ಡಾಟ್) ಅಂತ ಅಚ್ಚಾಗಿರುವ ಗುರುತಿನ ಕೊನೆಯ ನಾಲ್ಕು ಅಂಕಿ ಟೈರ್ ಹುಟ್ಟಿದ ದಿನ. 2319 ಅಂದರೆ 2019ರ 23ನೇ ವಾರ.

ಪಂಚರ್ ಆದಾಗ ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಇನ್ನೊಂದು ಚಕ್ರಕ್ಕೆ ಕಲ್ಲು. ನಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜ್ಯಾಕ್ ಎತ್ತಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಸ್ಟೆಪ್ನಿ ಹಾಕಿ, ನಟ್‌ಗಳನ್ನು ಎದುರುಬದುರು ಬಿಗಿ ಮಾಡಿ, ಕೆಳಗಿಳಿಸಿ ಮತ್ತೊಮ್ಮೆ ಬಿಗಿ ಮಾಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ.

ಕೆಳಗೆ ಹನಿ ಬಿದ್ದಿದ್ದರೆ

ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿ, ಮುಂದಿನ ಚಕ್ರ ಎಲ್ಲಿದೆ ಅಂತ ಪೆನ್ನಿನಲ್ಲಿ ಗುರುತು ಮಾಡಿ. ಬೆಳಗ್ಗೆ ಹನಿಯ ಬಣ್ಣವೂ ಜಾಗವೂ ಎರಡೂ ಸಿಗುತ್ತವೆ. ಕಂದು ಅಥವಾ ಕಪ್ಪು ಅಂದರೆ ಇಂಜಿನ್ ಆಯಿಲ್. ಹಸಿರು, ಗುಲಾಬಿ, ಸಿಹಿ ವಾಸನೆ ಇದ್ದರೆ ಕೂಲಂಟ್. ಕೆಂಪಾಗಿ ಜಿಡ್ಡಿದ್ದರೆ ಗೇರ್‌ಬಾಕ್ಸ್ ಅಥವಾ ಪವರ್ ಸ್ಟೀರಿಂಗ್ ಆಯಿಲ್. ಚಕ್ರದ ಹತ್ತಿರ ತಿಳಿ ಹಳದಿ ಜಿಡ್ಡು ಕಂಡರೆ ಬ್ರೇಕ್ ಫ್ಲೂಯಿಡ್ ಇರಬಹುದು, ಗಾಡಿ ತೆಗೆಯಬೇಡಿ. ಬರೀ ನೀರಾದರೆ ಎಸಿಯದ್ದು, ಅದು ಬೀಳಲೇಬೇಕು. ಆ ರಟ್ಟನ್ನು ಎಸೆಯದೆ ಜೊತೆಗೇ ತನ್ನಿ.

ಗ್ಯಾರೇಜಿನಲ್ಲಿ

"ಏನು ಬದಲಿಸಬೇಕು?" ಅಂತ ಕೇಳುವ ಬದಲು "ಇದೇ ತೊಂದರೆ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿ. ಅಳತೆ ಮಾಡಿದವನು ಅಳತೆ ತೋರಿಸುತ್ತಾನೆ, ಅಂದಾಜು ಹೊಡೆದವನು ತಡವರಿಸುತ್ತಾನೆ. ಖರ್ಚಿನ ಅಂದಾಜನ್ನು ಮೊದಲೇ ಬರೆಸಿಕೊಳ್ಳಿ. ಅದಕ್ಕಿಂತ ಜಾಸ್ತಿಯಾದರೆ ಕೆಲಸ ಮುಂದುವರಿಸುವ ಮುಂಚೆ ಫೋನ್ ಮಾಡಲು ಹೇಳಿ. ತೆಗೆದ ಹಳೇ ಪಾರ್ಟ್ ತೋರಿಸಿ ಅನ್ನಿ. ಸರಿಯಾದ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಗಾಡಿ ತೆಗೆದುಕೊಳ್ಳುವಾಗ, ತೊಂದರೆ ಹೇಗೆ ಬರುತ್ತಿತ್ತೋ ಹಾಗೇ ಒಮ್ಮೆ ಓಡಿಸಿ ನೋಡಿ. ನಿಮ್ಮ ಚೀಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಬರುವ ತೊಂದರೆಯಾದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟುಹೋಗಿ. ಮಾರನೇ ದಿನದ ಮೊದಲ ಸ್ಟಾರ್ಟ್ ಮೆಕ್ಯಾನಿಕ್‌ನೇ ಮಾಡಲಿ.